ಅಮ್ಮನ ಮಂಡಿ ಆಪರೇಷನ್ ಆದ್ಮೇಲೆ ಐಸ್ ಮಷಿನ್ ಬೇಕಾ? ಬೇಕಂದ್ರೆ ಯಾವುದು?

ಪ್ರಶ್ನೆ: ನಮ್ಮಮ್ಮನಿಗೆ 66 ವರ್ಷ. ಮುಂದಿನ ತಿಂಗಳು ಬಲಗಾಲಿಗೆ ನೀ ರೀಪ್ಲೇಸ್‌ಮೆಂಟ್ ಇದೆ. ಶುಗರ್ 12 ವರ್ಷದಿಂದ ಇದೆ, ಮಾತ್ರೇಲಿ ಕಂಟ್ರೋಲ್. ನಾವಿರೋದು ದಾವಣಗೆರೆ. ಮನೆಗೆ ಬಂದ್ಮೇಲೆ ಊತ ಇಳಿಯೋಕೆ ಕೋಲ್ಡ್ ಥೆರಪಿ ಮಷಿನ್ ಒಳ್ಳೇದು ಅಂತ ಎಲ್ರೂ ಹೇಳ್ತಿದಾರೆ. ಆನ್‌ಲೈನಲ್ಲಿ ನೋಡಿದ್ರೆ ಐಸ್ ಹಾಕೋದು, ಐಸೇ ಬೇಡದ್ದು, ಗಾಳಿ ತುಂಬಿ ಒತ್ತೋದು ಅಂತ ಮೂರ್ನಾಲ್ಕು ಥರ ಇದೆ. ನ್ಯೂಜೆರ್ಸಿಲಿರೋ ಚಿಕ್ಕಪ್ಪನ ಮಗ ತಾನು ಯೂಸ್ ಮಾಡಿದ್ದನ್ನ ತಂದ್ಕೊಡ್ತೀನಿ ಅಂತಿದಾನೆ. ಅಮ್ಮ ಮಾತ್ರ 'ತಣ್ಣಗಿಂದು ಇಟ್ರೆ ವಾಯು ಹಿಡಿಯತ್ತೆ, ಬಿಸಿನೀರಿನ ಶಾಖ ಕೊಟ್ರೆ ಸಾಕು' ಅಂತಾರೆ. ಏನು ಮಾಡ್ಲಿ?

ಉತ್ತರ:

ನಾನು ಫಿಸಿಯೋಥೆರಪಿಸ್ಟ್, ಹದಿನೆಂಟು ವರ್ಷದಿಂದ ಜಾಸ್ತಿ ನೋಡಿರೋದೇ ಈ ಮಂಡಿಗಳನ್ನ, ಆದ್ರಿಂದ ಸುತ್ತಿ ಬಳಸಿ ಹೇಳದೇ ನೇರವಾಗೇ ಹೇಳ್ಬಿಡ್ತೀನಿ. ತಗೊಳೋದೇ ಆದ್ರೆ ಐಸು ನೀರು ಹಾಕೋ ಸಾದಾ ಬಕೆಟ್ ಮಷಿನ್ ತಗೊಳ್ಳಿ, ಬಾಡಿಗೆಗೆ ಸಿಕ್ರೆ ಇನ್ನೂ ಒಳ್ಳೇದು, ಮೂರು ವಾರಕ್ಕೆ ಸಾಕು. ಆದ್ರೆ ಮಷಿನ್ ನೋಡೋಕೆ ಮುಂಚೆ ಅಮ್ಮನ ಕಾಲಿಗೆ ತಣ್ಣಗಿರೋದು ತಣ್ಣಗೆ ಅಂತ ಗೊತ್ತಾಗತ್ತಾ ನೋಡ್ಬೇಕು. ಗೊತ್ತಾಗ್ತಿಲ್ಲ ಅಂದ್ರೆ ಎಷ್ಟೇ ಒಳ್ಳೆ ಕಂಪನೀದಾದ್ರೂ ಬೇಡ. ನಿಮ್ಮ ಪ್ರಶ್ನೇಲಿ ನಾನು ಮೊದಲು ಓದಿದ್ದು ಮಷಿನ್ ವಿಷಯ ಅಲ್ಲ, '12 ವರ್ಷದ ಶುಗರ್' ಅನ್ನೋ ಮಾತನ್ನ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಇದರಿಂದ ಎಷ್ಟು ಲಾಭ ಅಂತ ತಿಳ್ಕೊಳ್ಳಿ, ಯಾಕಂದ್ರೆ ಮಾರೋರು ಹೇಳೋದು ಕೇಳಿದ್ರೆ ಮಷಿನ್ ಕಟ್ಟಿದ ಮಾರನೇ ದಿನವೇ ಅಮ್ಮ ಮೆಟ್ಟಿಲು ಹತ್ತಿಬಿಡ್ತಾರೆ ಅನ್ನೋ ಹಾಗಿರತ್ತೆ. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಪ್ರಪಂಚದಲ್ಲಿ ಆಗಿರೋ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ಹಾಕಿ ಅಳೆಯೋರು. ಮಂಡಿ ಬದಲಾಯಿಸಿದ ಮೇಲೆ ಐಸ್ ಇಡೋದ್ರ ಬಗ್ಗೆ 2012ರಲ್ಲಿ ಒಂದ್ಸಲ, 2023ರಲ್ಲಿ ಇನ್ನೊಂದ್ಸಲ ಅಳೆದಿದಾರೆ. ಎರಡು ಸಲಾನೂ ಬಂದಿದ್ದು ಹೆಚ್ಚುಕಮ್ಮಿ ಒಂದೇ: ಮೊದಲ ಎರಡು ದಿನ ನೋವು ಸ್ವಲ್ಪ ಕಮ್ಮಿ, ಡಿಸ್ಚಾರ್ಜ್ ಹೊತ್ತಿಗೆ ಮಂಡಿ ಸ್ವಲ್ಪ ಜಾಸ್ತಿ ಮಡಚತ್ತೆ, ರಕ್ತ ಹೋಗೋದು ಒಂಚೂರು ಕಮ್ಮಿ, ಮತ್ತೆ ಇದಕ್ಕೆಲ್ಲ ಇರೋ ಸಾಕ್ಷಿ ಅಷ್ಟೇನೂ ಗಟ್ಟಿ ಇಲ್ಲ. ಇನ್ನೊಂದು, ದುಬಾರಿ ಮಷಿನ್ನು ಮತ್ತೆ ಮಾಮೂಲಿ ಐಸ್ ಪ್ಯಾಕು ಎರಡನ್ನೂ ಎದುರುಬದುರು ಇಟ್ಟು ನೋಡಿರೋ ಟ್ರಯಲ್‌ಗಳಲ್ಲಿ ಹೇಳ್ಕೊಳೋ ಅಂಥ ವ್ಯತ್ಯಾಸ ಎಷ್ಟೋ ಸಲ ಸಿಕ್ಕೇ ಇಲ್ಲ. ಹಾಗಾದ್ರೆ ಮಷಿನ್ ಯಾಕೆ ಅಂದ್ರೆ ಅನುಕೂಲಕ್ಕೆ. ಜೆಲ್ ಪ್ಯಾಕ್ ಹತ್ತು ನಿಮಿಷದಲ್ಲಿ ಮೆತ್ತಗಾಗತ್ತೆ, ಪಕ್ಕಕ್ಕೆ ಜಾರತ್ತೆ, ಫ್ರೀಜರ್‌ಗೆ ಓಡ್ಬೇಕು, ಅದು ಮತ್ತೆ ಗಟ್ಟಿಯಾಗೋಕೆ ಗಂಟೆಗಟ್ಟಲೆ ಕಾಯ್ಬೇಕು. ಮಷಿನ್ನಾದ್ರೆ ಒಂದ್ಸಲ ತುಂಬಿದ್ರೆ ಎರಡು ಮೂರು ಸಲದ ಕೆಲಸ ಆಗತ್ತೆ, ಪ್ಯಾಡ್ ಮಂಡಿ ಸುತ್ತ ಒಂದೇ ಸಮ ಕೂರತ್ತೆ. ಅಷ್ಟೇ ರೀ ಅದರ ಹೆಚ್ಚುಗಾರಿಕೆ. ನೋಡಿಕೊಳ್ಳೋಕೆ ಮನೇಲಿ ಒಬ್ಬರೇ ಇದ್ರೆ ಆ ಅನುಕೂಲ ದೊಡ್ಡದೇ, ಇಲ್ಲ ಅನ್ನಲ್ಲ.

ಒಳಗೆ ಏನಿರತ್ತೆ ಅಂತ ನೋಡಿದ್ರೆ ನಿಮಗೇ ನಗು ಬರತ್ತೆ. ಶಾಖ ಒಳಗೆ ಹೋಗದ ಹಾಗೆ ಮಾಡಿರೋ ಒಂದು ಡಬ್ಬ, ನಾಲ್ಕೈದು ಲೀಟರ್ ಹಿಡಿಯೋ ಅಂಥದ್ದು, ನಾವು ಟೂರ್‌ಗೆ ಒಯ್ಯೋ ಕೂಲ್ ಜಗ್ ಥರಾನೇ. ಅದರೊಳಗೆ ಫಿಶ್ ಟ್ಯಾಂಕಲ್ಲಿ ಇರೋ ಅಂಥ ಪುಟ್ಟ ಪಂಪು. ಎರಡು ದಾರಿ ಇರೋ ಪೈಪು, ತಣ್ಣೀರು ಹೋಗೋಕೊಂದು ವಾಪಸ್ ಬರೋಕೊಂದು. ಕೊನೇಲಿ ಒಳಗಡೆ ನೀರು ಹರಿದಾಡೋ ಪ್ಯಾಡು. ಆನ್ ಮಾಡಿದ್ರೆ ಗುಂಯ್ ಅಂತ ಸಣ್ಣಗೆ ಸದ್ದು, ಪ್ಯಾಡ್ ನಿಧಾನಕ್ಕೆ ಉಬ್ಬತ್ತೆ. ಇದರಲ್ಲಿ ತಂಪು ಮಾಡೋದು ಪಂಪೂ ಅಲ್ಲ ಕರೆಂಟೂ ಅಲ್ಲ, ಐಸು. ಒಂದು ಕೆಜಿ ಐಸ್ ಕರಗಿ ನೀರಾಗೋವಾಗ್ಲೇ 80 ಕಿಲೋಕ್ಯಾಲರಿ ಶಾಖ ಎಳ್ಕೊಳತ್ತೆ. ಅದೇ ಸೊನ್ನೆ ಡಿಗ್ರಿಲಿರೋ ಒಂದು ಲೀಟರ್ ನೀರು 10 ಡಿಗ್ರಿಗೆ ಏರೋವರೆಗೂ ಎಳ್ಕೊಳೋದು ಬರೀ 10. ಅಂದ್ರೆ ಫ್ರಿಜ್ಜಿನ ತಣ್ಣೀರು ತುಂಬಿದ್ರೆ ಸಾಕಲ್ವಾ ಅನ್ನೋ ಐಡಿಯಾ ಬೇಡ, ಐಸ್ ಇಲ್ದಿದ್ರೆ ಅದು ಬರೀ ನೀರು ತಿರುಗಿಸೋ ಆಟಿಕೆ. ಬಾಕ್ಸ್ ಮೇಲೆ ಆರು ಗಂಟೆ ಎಂಟು ಗಂಟೆ ತಂಪಿರತ್ತೆ ಅಂತ ಬರೆದಿರ್ತಾರೆ, ಅದು ಏಸಿ ರೂಮಿನ ಲೆಕ್ಕ ಅಂದ್ಕೊಳ್ಳಿ. ಬೇಸಿಗೆ ದಾವಣಗೆರೇಲಿ ಅದರಲ್ಲಿ ಅರ್ಧ ಬಂದ್ರೆ ಪುಣ್ಯ.

ಈಗ ಥರಗಳ ವಿಷಯ. ಬಕೆಟ್ ಮಷಿನ್‌ನಲ್ಲಿ ಬ್ರೆಗ್‌ನವರ ಪೋಲಾರ್ ಕೇರ್, ಡಾನ್‌ಜಾಯ್‌ನವರ ಐಸ್‌ಮ್ಯಾನ್ ಅಂತ ಅಮೆರಿಕದ ಹೆಸರುಗಳು ಫೇಮಸ್ಸು, ಅದೇ ಮಾದರೀಲಿ ಬೇರೆ ಬೇರೆ ಹೆಸರಲ್ಲಿ ಆನ್‌ಲೈನಲ್ಲಿ ಬೇಕಾದಷ್ಟು ಸಿಗತ್ತೆ. ಏರ್‌ಕಾಸ್ಟ್ ಕ್ರಯೋಕಫ್ ಅಂತ ಒಂದಿದೆ, ಅದಕ್ಕೆ ಕರೆಂಟೇ ಬೇಡ, ಡಬ್ಬಾನ ಮೇಲೆತ್ತಿದ್ರೆ ನೀರು ಪ್ಯಾಡಿಗೆ ಇಳಿಯತ್ತೆ, ಕೆಳಗಿಟ್ರೆ ವಾಪಸ್ ಬರತ್ತೆ. ಕರೆಂಟ್ ಪದೇಪದೇ ಹೋಗೋ ಹಳ್ಳಿ ಮನೆಗೆ ನನಗಿಷ್ಟವಾದದ್ದು ಇದೇ, ಆದ್ರೆ ನೀರು ಬೆಚ್ಚಗಾದಾಗೆಲ್ಲ ಯಾರಾದ್ರೂ ಎತ್ತಿ ಇಳಿಸ್ತಾ ಇರ್ಬೇಕು. ಗಾಳಿ ತುಂಬಿ ಒತ್ತೋದು, ಗೇಮ್ ರೆಡಿ ಥರದ್ದು, ಕ್ರಿಕೆಟ್ ಫುಟ್‌ಬಾಲ್ ಟೀಮ್‌ನೋರು ಇಟ್ಕೊಳೋದು, ರೇಟ್ ಕೇಳಿದ್ರೆ ಆ ದುಡ್ಡಲ್ಲಿ ಒಂದು ಸ್ಕೂಟರ್ ಬರತ್ತೇನೋ ಅನ್ನಿಸ್ಬಹುದು. ಅದಕ್ಕಿಂತ ಮುಖ್ಯ, ಕಾಲಿನ ರಕ್ತನಾಳ ಕಿರಿದಾಗಿದ್ರೆ ಅಥವಾ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಒತ್ತೋ ಮಷಿನ್ ಅಪಾಯ, ಶುಗರ್ ಇರೋರಲ್ಲಿ ರಕ್ತನಾಳದ ತೊಂದರೆ ಜಾಸ್ತಿ, ಆದ್ರಿಂದ ಸರ್ಜನ್ ಬಾಯಿಬಿಟ್ಟು ಹೇಳದ ಹೊರತು ಆ ಕಡೆ ತಲೆ ಹಾಕ್ಬೇಡಿ. ಐಸ್ ಬೇಡದ ಮಷಿನ್‌ಗಳಲ್ಲಿ ಎಷ್ಟೋ ಕೆಲಸ ಮಾಡೋದು ಕಾರಲ್ಲಿಡೋ ಪುಟ್ಟ ಫ್ರಿಜ್ ಥರ, ಒಂದು ಬಿಲ್ಲೆ ಒಂದು ಕಡೆ ತಂಪಾಗತ್ತೆ ಇನ್ನೊಂದು ಕಡೆ ಬಿಸಿಯಾಗತ್ತೆ, ಬಿಸಿನ ಫ್ಯಾನ್ ಹೊರಗೆ ಊದತ್ತೆ. ರೂಮೇ ಕಾದಿದ್ರೆ ಅದು ಏದುಸಿರು ಬಿಡತ್ತೆ, ತಂಪಾಗೋಕೆ ಹೊತ್ತು ಹಿಡಿಯತ್ತೆ, ಕೆಟ್ರೆ ರಿಪೇರಿ ಮಾಡೋರು ಸಿಗೋದು ಕಷ್ಟ. ಐಸ್ ಹೊರೋಕೆ ಜನ ಇಲ್ಲದ ಮನೇಲಿ, ಏಸಿ ಇದ್ರೆ, ಸರಿ. ಅಂದ ಹಾಗೆ ತಂಪಿಗೆ ಕ್ರಯೋ ಅಂತಾರೆ, ಆದ್ರೆ ಬರೀ ಕ್ರಯೋ ಅಂತ ಸರ್ಚ್ ಮಾಡ್ಬೇಡಿ, ಹೊಟ್ಟೆ ಕರಗಿಸೋ ಬ್ಯೂಟಿ ಪಾರ್ಲರ್ ಮಷಿನ್ನೂ ಬರತ್ತೆ, ಐಸ್ ಬಾತ್ ಟಬ್ಬೂ ಬರತ್ತೆ, ಹೊಲಿಗೆ ಹಾಕಿರೋ ಮಂಡೀನ ಟಬ್ಬಲ್ಲಿ ಮುಳುಗಿಸೋಕಾಗತ್ತಾ?

ಬಕೆಟ್ ಮಷಿನ್‌ನಲ್ಲಿ ನೋಡ್ಬೇಕಾದ್ದು ಏನಂದ್ರೆ, ತಾನೇ ಆಫ್ ಆಗೋ ಟೈಮರ್ ಇದೆಯಾ, ನೀರಿನ ಹರಿವು ಕಮ್ಮಿ ಮಾಡಿ ತಂಪು ತಗ್ಗಿಸ್ಬಹುದಾ, ಪ್ಯಾಡ್ ಬಿಚ್ಚಿದಾಗ ಜಾಯಿಂಟ್‌ನಿಂದ ನೀರು ಸೋರತ್ತಾ, ಆ ಪ್ಯಾಡ್ ಬಿಡಿಯಾಗಿ ಸಿಗತ್ತಾ. ಒಂದು ಕಂಪನಿ ಪ್ಯಾಡ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರಲ್ಲ. ಮಂಡಿಗೆ ಅಂತಲೇ ಮಾಡಿರೋ ಪ್ಯಾಡ್ ಕೇಳಿ, ಭುಜದ್ದನ್ನ ತೋರಿಸಿ 'ಎಲ್ಲಕ್ಕೂ ಆಗತ್ತೆ ಸಾರ್' ಅಂತಾರೆ. ಬ್ಲೂಟೂತ್, ಆ್ಯಪ್, ಬಣ್ಣದ ಲೈಟು ಇವಕ್ಕೆಲ್ಲ ಒಂದು ರೂಪಾಯಿ ಜಾಸ್ತಿ ಕೊಡ್ಬೇಡಿ. ಇನ್ಶೂರೆನ್ಸ್‌ನಲ್ಲಿ ವಾಪಸ್ ಬರತ್ತೆ ಅಂತ ಲೆಕ್ಕ ಹಾಕ್ಕೊಂಡೂ ಕೂರಬೇಡಿ.

ಇನ್ನು ಶುಗರ್. ತುಂಬಾ ವರ್ಷದ ಶುಗರ್ ಇದ್ದೋರಿಗೆ ನರ ಸವೆದು ಕಾಲಿನ ಸ್ಪರ್ಶ ಕಮ್ಮಿಯಾಗಿರತ್ತೆ, ಬೆರಳಿಂದ ಶುರುವಾಗಿ ಮೇಲಕ್ಕೆ ಬರತ್ತೆ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ಚಪ್ಪಲಿ ಕಳಚಿಬಿದ್ದಿದ್ದೇ ತಿಳಿಯಲ್ಲ ಅಂತಾರಲ್ಲ, ಅದೇ. ಆಸ್ಪತ್ರೇಲಿ ಆಪರೇಷನ್‌ಗೆ ಮುಂಚೆ ಪಾದಕ್ಕೆ ನೈಲಾನ್ ಎಳೆ ಒತ್ತಿ ಗೊತ್ತಾಗತ್ತಾ ಅಂತ ನೋಡೋ ಟೆಸ್ಟ್ ಮಾಡಿಸಿ ಅಂತ ಕೇಳಿ, ಎರಡು ನಿಮಿಷದ ಕೆಲಸ. ಮನೇಲೂ ನೋಡ್ಬಹುದು: ಎರಡು ಸ್ಟೀಲ್ ಚಮಚ, ಒಂದು ಫ್ರಿಜ್ಜಲ್ಲಿಟ್ಟಿದ್ದು ಇನ್ನೊಂದು ಹಾಗೇ ಹೊರಗಿದ್ದಿದ್ದು, ಅಮ್ಮ ಕಣ್ಣು ಮುಚ್ಕೊಂಡಿರ್ಲಿ, ಮಂಡಿ ಸುತ್ತ, ಮೊಣಕಾಲಿನ ಕೆಳಗೆ, ಪಾದದ ಮೇಲೆ ಒಂದೊಂದೇ ತಾಗಿಸಿ ಯಾವುದು ತಣ್ಣಗಿದೆ ಅಂತ ಕೇಳಿ. ತಪ್ಪು ತಪ್ಪು ಹೇಳಿದ್ರೆ ಮಷಿನ್ ಬೇಡ, ಡಾಕ್ಟರಿಗೆ ಹೇಳಿ. ಶುಗರ್ ಅಷ್ಟೇ ಅಲ್ಲ, ಚಳಿಗೆ ಬೆರಳು ಬಿಳಿ ನೀಲಿ ಆಗೋ ರೇನಾಡ್ಸ್ ಇದ್ರೆ, ತಣ್ಣೀರು ಬಿದ್ರೆ ದದ್ದು ಏಳೋರಾದ್ರೆ, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇದ್ರೆ, ಕಾಲಿನ ರಕ್ತ ಓಡಾಟ ಸರಿ ಇಲ್ದಿದ್ರೆ ಇದು ಬೇಡ.

ಇದರ ಜೊತೆಗೆ ಇನ್ನೊಂದಿದೆ, ಅದನ್ನ ಯಾರೂ ಹೇಳಲ್ಲ. ಮಂಡಿ ಆಪರೇಷನ್ ಗೆರೆಯ ಹೊರಭಾಗದಲ್ಲಿ, ಅಂದ್ರೆ ಬಲಗಾಲಾದ್ರೆ ಬಲಗಡೆ, ಒಂದು ಅಂಗೈ ಅಗಲ ಜಾಗ ಹೆಚ್ಚಿನವರಿಗೆಲ್ಲ ಮರಗಟ್ಟಿದ ಹಾಗಿರತ್ತೆ, ಶುಗರ್ ಇರಲಿ ಇಲ್ದೇ ಇರಲಿ. ಅಲ್ಲಿ ಹಾದು ಹೋಗೋ ಸಣ್ಣ ನರ ಚರ್ಮ ಕುಯ್ಯುವಾಗ ತುಂಡಾಗತ್ತೆ, ಅದನ್ನ ತಪ್ಪಿಸೋಕಾಗಲ್ಲ. ಹಾಗಾಗಿ 'ಅಮ್ಮ, ತುಂಬಾ ತಣ್ಣಗಾಯ್ತಾ' ಅಂತ ಕೇಳಿ 'ಇಲ್ಲಪ್ಪ ಆರಾಮಾಗಿದೆ' ಅಂದ್ರೂ ಆ ಜಾಗದ ಬಗ್ಗೆ ಆ ಉತ್ತರ ನಂಬೋ ಹಾಗಿಲ್ಲ, ಕೈ ಹಾಕಿ ನೋಡ್ಲೇಬೇಕು. ಆಪರೇಷನ್ ದಿನ ನೋವಿಗೆ ಅಂತ ನರಕ್ಕೆ ಕೊಟ್ಟಿರೋ ಇಂಜೆಕ್ಷನ್ ಇಳಿಯೋವರೆಗೂ ಹಾಗೇನೇ.

ಒಬ್ಬರು ರಿಟೈರ್ಡ್ ಮೇಷ್ಟ್ರು ನನ್ನ ಹತ್ರ ಬಂದಿದ್ರು, ಹೆಸರು ಬೇಡ. ಮಗ ಬಲು ಕಾಳಜಿಯವನು, ಡಿಸ್ಚಾರ್ಜ್ ಆದ ರಾತ್ರೀನೇ ಮಷಿನ್ ಕಟ್ಟಿ, ಅಪ್ಪ ನೆಮ್ಮದಿಯಾಗಿ ಮಲಗಿದಾರೆ ಅಂತ ಹಾಗೇ ಬಿಟ್ಟು ತಾನೂ ಮಲಗಿದ. ಟೈಮರ್ ಇರ್ಲಿಲ್ಲ, ಮಧ್ಯೆ ಬಟ್ಟೇನೂ ಇಟ್ಟಿರ್ಲಿಲ್ಲ. ಬೆಳಗ್ಗೆ ಬಿಚ್ಚಿದ್ರೆ ಆ ಮರಗಟ್ಟಿದ ಕಡೇನೇ ಬೂದಿ ಬಣ್ಣದ ಒಂದು ಪಟ್ಟಿ, ಮುಟ್ಟಿದ್ರೆ ಮೇಣ ಮುಟ್ಟಿದ ಹಾಗೆ ಗಟ್ಟಿ, ಮಾರನೇ ದಿನ ನೀರುಗುಳ್ಳೆ. ಹೊಲಿಗೆಗೇನೂ ಆಗ್ಲಿಲ್ಲ ಸದ್ಯ, ಆದ್ರೆ ಗಾಯ ಒಣಗೋಕೆ ಒಂದೂವರೆ ತಿಂಗಳು ಹಿಡೀತು, ಅಷ್ಟು ದಿನ ಮಂಡಿ ಮಡಚೋ ಎಕ್ಸರ್ಸೈಜು ಹಿಂದೆ ಬಿತ್ತು. ಅಮೆರಿಕದಲ್ಲಿ ಇಂಥ ಗಾಯಕ್ಕೆ ಕೋರ್ಟ್ ಕೇಸ್‌ಗಳೂ ಆಗಿವೆ. ಆದ್ರಿಂದ ಟೈಮರ್ ಇದೆಯಾ ಅಂತ ನಾನು ಮೊದಲು ಕೇಳೋದು, ರಾತ್ರಿ ಮಲಗುವಾಗ ಖಡಾಖಂಡಿತ ಬೇಡ.

ನ್ಯೂಜೆರ್ಸಿ ಮಷಿನ್ ವಿಷಯ. ತರಿಸ್ಕೊಳ್ಳಿ, ಫ್ರೀ ಬರೋದನ್ನ ಯಾಕೆ ಬಿಡ್ತೀರಿ, ಆದ್ರೆ ಎರಡು ಷರತ್ತು. ಅಲ್ಲಿ ಕರೆಂಟ್ 120 ವೋಲ್ಟು, ನಮ್ಮಲ್ಲಿ 230. ಅಡಾಪ್ಟರ್ ಹಿಂಭಾಗದ ಫೋಟೋ ಕಳ್ಸು ಅನ್ನಿ ಆ ಹುಡುಗನಿಗೆ, ಅದರಲ್ಲಿ ಇನ್‌ಪುಟ್ 100-240 ವೋಲ್ಟ್ ಅಂತಿದ್ರೆ ಬರೀ ಪಿನ್ ಬದಲಾಯಿಸೋ ಕನೆಕ್ಟರ್ ಸಾಕು. 120 ಅಂತಷ್ಟೇ ಇದ್ರೆ ಇಲ್ಲಿ ಹಾಕಿದ ಕ್ಷಣವೇ ಸುಟ್ಟ ವಾಸನೆ, ಅದಕ್ಕೆ ವೋಲ್ಟೇಜ್ ಇಳಿಸೋ ಕನ್ವರ್ಟರ್ ಬೇಕು. ಯಾವುದೋ ರೂಟರ್ ಅಡಾಪ್ಟರ್ ಪಿನ್ ಕೂರತ್ತೆ ಅಂತ ಸಿಕ್ಕಿಸ್ಬೇಡಿ, ಕೆಲವು ಮಷಿನ್‌ಗೆ ಡಿಸಿ ಕರೆಂಟ್ ಬೇಕು, ಕೆಲವಕ್ಕೆ ಎಸಿ ಕರೆಂಟೇ ಬೇಕು, ವೋಲ್ಟು ಆಂಪಿಯರ್ ಎಲ್ಲ ಹೊಂದಬೇಕು. ಎರಡನೇದು, ಅವನು ಹಾಕ್ಕೊಂಡಿದ್ದ ಪ್ಯಾಡ್ ಬೇಡ, ಹೊಸದು ತರ್ಲಿ, ಸಾಮಾನ್ಯವಾಗಿ ಪ್ಯಾಡ್ ಒಬ್ಬರ ಉಪಯೋಗಕ್ಕೆ ಮಾತ್ರ ಅಂತ ಇರತ್ತೆ, ನಿಮ್ಮಮ್ಮನದು ಹಸಿ ಗಾಯ, ಅದೂ ಶುಗರ್. ಡಬ್ಬ ಪಂಪು ತೊಳೆದು ಬಳಸ್ಬಹುದು. ಇನ್ವರ್ಟರ್ ಮೇಲೆ ಓಡತ್ತಾ ಅಂದ್ರೆ ಓಡತ್ತೆ, ಪುಟ್ಟ ಪಂಪು, ಫ್ಯಾನಿಗಿಂತ ಕಮ್ಮಿ ಎಳೆಯತ್ತೆ. ಹಾಕೋ ನೀರು ಬೋರ್‌ವೆಲ್‌ದು ಬೇಡ, ಉಪ್ಪುಗಟ್ಟಿ ಪಂಪ್ ಜಾಮ್ ಆಗತ್ತೆ, ಫಿಲ್ಟರ್ ನೀರು ಹಾಕಿ, ದಿನಾ ರಾತ್ರಿ ಖಾಲಿ ಮಾಡಿ ಮುಚ್ಚಳ ತೆಗೆದಿಡಿ, ಇಲ್ದಿದ್ರೆ ಮೂರೇ ದಿನಕ್ಕೆ ಪಾಚಿ ವಾಸನೆ.

ಐಸ್ ಎಲ್ಲಿಂದ ಬರತ್ತೆ ಅಂತ ಯೋಚಿಸಿದೀರಾ? ಎಲ್ರೂ ಮಷಿನ್ ತಂದಾದ ಮೇಲೆ ಯೋಚಿಸ್ತಾರೆ. ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಟ್ರೇ ಎರಡು ಸೇರಿಸಿದ್ರೂ ಡಬ್ಬದ ತಳ ಮುಚ್ಚಲ್ಲ. ನಾನು ಹೇಳೋದು ಅರ್ಧ ಲೀಟರ್ ಬಾಟಲಿ ಎಂಟು ತಗೊಂಡು, ಮುಕ್ಕಾಲು ನೀರು ತುಂಬಿ, ಐಸ್ ಆದಾಗ ಉಬ್ಬತ್ತೆ ಅದಕ್ಕೆ ತುಂಬ ತುಂಬಬೇಡಿ, ನಾಲ್ಕು ಫ್ರೀಜರಲ್ಲಿ ನಾಲ್ಕು ಮಷಿನ್‌ನಲ್ಲಿ ಹೀಗೆ ಪಾಳಿ ಹಾಕಿ. ಬಾಟಲಿ ಐಸ್ ನಿಧಾನಕ್ಕೆ ಕರಗತ್ತೆ, ಮಧ್ಯೆ ಮಧ್ಯೆ ನೀರು ಚೆಲ್ಲೋ ರಗಳೆ ಇಲ್ಲ. ಪಂಪ್ ಮುಳುಗೋಷ್ಟು ನೀರು ಮಾತ್ರ ಯಾವಾಗ್ಲೂ ಇರ್ಬೇಕು, ಒಣಗಿ ಓಡಿದ್ರೆ ಕೆಡತ್ತೆ. ಫ್ರೀಜರ್ ತುಂಬ ಹಿತಕಿದ ಅವರೆಬೇಳೆ ತುಂಬಿಟ್ಟಿರೋ ಮನೆಯಾದ್ರೆ ಅದನ್ನ ಪಕ್ಕದ ಮನೆಗೆ ಸಾಗ್ಸಿ, ಇಲ್ಲಾ ಅದರದ್ದೇ ಒಂದು ಪ್ಯಾಕೆಟ್ ಬಟ್ಟೇಲಿ ಸುತ್ತಿ ಮಂಡಿ ಮೇಲಿಡಿ, ಬಟಾಣಿ ಪ್ಯಾಕೆಟ್ ಥರಾನೇ ಚೆನ್ನಾಗಿ ಮಂಡಿ ಆಕಾರಕ್ಕೆ ಕೂರತ್ತೆ, ತಮಾಷೆಗಲ್ಲ. ಒಂದು ಮಾತು ನೆನಪಿಡಿ, ಐಸ್ ಬೇಗ ಕರಗ್ದೇ ಇರ್ಲಿ ಅಂತ ಯಾರಾದ್ರೂ ಉಪ್ಪು ಹಾಕಿ ಅಂದ್ರೆ ಹಾಕ್ಬೇಡಿ. ಕುಲ್ಫಿಯವನು ಐಸಿಗೆ ಉಪ್ಪು ಹಾಕೋದು ಸೊನ್ನೆಗಿಂತ ಕೆಳಗೆ ಹೋಗಿ ಹಾಲು ಗಟ್ಟಿಯಾಗ್ಲಿ ಅಂತ. ನಿಮ್ಮಮ್ಮನ ಮಂಡಿ ಕುಲ್ಫಿ ಅಲ್ಲ.

ಕಟ್ಟೋ ಕ್ರಮ ಹೇಳ್ತೀನಿ. ಮೊದಲು ಪ್ಯಾಡನ್ನ ಹಾಸಿಗೆ ಮೇಲೆ ಚಪ್ಪಟೆ ಹಾಸಿ ಮಷಿನ್ ಆನ್ ಮಾಡಿ ನೀರು ತುಂಬಿಸಿ, ಆಮೇಲೆ ಕಾಲಿಗೆ ಸುತ್ತಿ. ಮೊದಲೇ ಬಿಗಿಯಾಗಿ ಸುತ್ತಿದ್ರೆ ನೀರು ಒಳಗೆ ಹೋಗಲ್ಲ, 'ಮಷಿನ್ ಕೆಟ್ಟಿದೆ ಸಾರ್' ಅಂತ ನನಗೆ ಬರೋ ಫೋನ್‌ಗಳಲ್ಲಿ ಅರ್ಧ ಇದೇ. ನಿಮ್ಮ ಮುಂಗೈ ಮೇಲೆ ಮೊದಲು ಐದು ನಿಮಿಷ ಇಟ್ಕೊಂಡು ನೋಡಿ. ಚರ್ಮಕ್ಕೂ ಪ್ಯಾಡಿಗೂ ಮಧ್ಯೆ ಒಣಗಿದ ಹತ್ತಿ ಬಟ್ಟೆ, ಹಳೇ ಪಂಚೆ ತುಂಡು ಎರಡು ಮಡಿಕೆ ಚೆನ್ನಾಗಿರತ್ತೆ. ತಣ್ಣಗಿನ ಪ್ಯಾಡ್ ಮೇಲೆ ಲೋಟದ ಹೊರಗೆ ಬೆವರೋ ಹಾಗೆ ನೀರು ಕೂರತ್ತೆ, ಮಳೆಗಾಲದಲ್ಲಿ, ಕರಾವಳಿ ಕಡೆ ಇನ್ನೂ ಜಾಸ್ತಿ, ಆ ನೀರು ಡ್ರೆಸ್ಸಿಂಗ್ ಒಳಗೆ ಇಳೀಬಾರ್ದು. ಬಟ್ಟೆ ಒದ್ದೆಯಾದ್ರೆ ಬದಲಾಯಿಸಿ. 15ರಿಂದ 20 ನಿಮಿಷ, ಐದು ನಿಮಿಷಕ್ಕೊಂದ್ಸಲ ಪ್ಯಾಡ್ ಎತ್ತಿ ಚರ್ಮ ನೋಡಿ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪಾಗಿದ್ದು ಸರಿಯಾಗಿ ಕಾಣಲ್ಲ, ಬಿಳಚಿಕೊಂಡಿದೆಯಾ, ಬೂದಿ ಬಣ್ಣ ಬಂದಿದೆಯಾ, ಮುಟ್ಟಿದ್ರೆ ಗಟ್ಟಿ ಇದೆಯಾ ಅಂತ ಬೆರಳಲ್ಲಿ ನೋಡ್ಬೇಕು. ಆಮೇಲೆ ಕನಿಷ್ಠ ಒಂದೂವರೆ ಎರಡು ಗಂಟೆ ಬಿಡುವು. ದಿನಕ್ಕೆ ನಾಲ್ಕೈದು ಸಲ ಸಾಕು, ಅದರಲ್ಲೂ ಮಡಚೋ ಎಕ್ಸರ್ಸೈಜ್ ಆದ ತಕ್ಷಣ ಒಂದ್ಸಲ ಇದ್ರೆ ತುಂಬಾ ಒಳ್ಳೇದು. ವಾಕರ್ ಹಿಡಿದು ಬಾತ್‌ರೂಮಿಗೆ ಹೊರಡೋ ಮುಂಚೆ ಪ್ಯಾಡ್ ಬಿಚ್ಚಿ, ಪೈಪ್ ಕಾಲಿಗೆ ಸಿಕ್ಕಿ ಬಿದ್ರೆ ಹೊಸ ಮಂಡಿ ಕತೆ ಕಷ್ಟ.

ಕಾಲು ಎತ್ತರದಲ್ಲಿಡಿ, ಆದ್ರೆ ದಿಂಬು ಹಿಮ್ಮಡಿ ಕೆಳಗೆ ಬರ್ಬೇಕು, ಮಂಡಿ ಕೆಳಗಲ್ಲ. ಮಂಡಿ ಕೆಳಗೆ ದಿಂಬಿಟ್ರೆ ಹಾಯ್ ಅನ್ಸತ್ತೆ, ಎಲ್ಲ ಅಮ್ಮಂದಿರೂ ಅದನ್ನೇ ಕೇಳ್ತಾರೆ, ಎರಡು ವಾರ ಹಾಗೇ ಮಲಗಿದ್ರೆ ಮಂಡಿ ಬಾಗಿದ್ದು ಬಾಗಿದ ಹಾಗೇ ಕೂರತ್ತೆ, ನೇರ ಮಾಡೋಕೆ ನಾವು ಬೆವರು ಸುರಿಸ್ಬೇಕು. ಪಾದ ಮೇಲೆ ಕೆಳಗೆ ಆಡಿಸ್ತಾ ಇರ್ಲಿ. ಮೀನಖಂಡದಲ್ಲಿ ಊತ, ಹಿಂಡಿದ ಹಾಗೆ ನೋವು ಬಂದ್ರೆ, ಗಾಯದಿಂದ ಕೀವು ಬಂದ್ರೆ, ಚಳಿ ಜ್ವರ ಬಂದ್ರೆ ಐಸ್ ಇಟ್ಕೊಂಡು ಕಾಯ್ಬೇಡಿ, ಅವತ್ತೇ ಆಸ್ಪತ್ರೆ. ಬರೀ ಮಂಡಿ ಬೆಚ್ಚಗಿದೆ ಅಂತ ಗಾಬರಿ ಬೇಡ, ಹೊಸ ಮಂಡಿ ಕೆಲವು ತಿಂಗಳು ಇನ್ನೊಂದಕ್ಕಿಂತ ಬೆಚ್ಚಗೇ ಇರತ್ತೆ.

ಕೊನೇದಾಗಿ ಅಮ್ಮನ ವಾಯು. ಅವರನ್ನ ಬೈಬೇಡಿ. ಅವರಿಗೆ ಇಷ್ಟು ವರ್ಷ ಸವೆದ ಮಂಡಿಗೆ ಬಿಸಿ ಶಾಖದಿಂದ್ಲೇ ಆರಾಮ ಸಿಕ್ಕಿರೋದು, ಅದು ನಿಜಾನೇ, ಆ ಮಂಡಿಗೆ ಅದು ಸರಿ ಇತ್ತು. ಈಗಿರೋದು ಕುಯ್ದು ಹೊಲಿದ ಮಂಡಿ, ಬಿಸಿ ಕೊಟ್ರೆ ರಕ್ತ ಇನ್ನೂ ಅಲ್ಲಿಗೇ ನುಗ್ಗಿ ಊತ ಜಾಸ್ತಿಯಾಗತ್ತೆ. ಮೊದಲ ಕೆಲವು ವಾರ ಶಾಖ ಬೇಡ, ಎಣ್ಣೆ ತಿಕ್ಕೋದಂತೂ ಬೇಡವೇ ಬೇಡ. ಆಮೇಲೆ ಸೊಂಟಕ್ಕೋ ಇನ್ನೊಂದು ಕಾಲಿಗೋ ಬೇಕಾದ್ರೆ ಕೊಡಿ. ಅವರನ್ನ ಒಪ್ಪಿಸೋಕೆ ನಾನು ಮಾಡೋದು ಇಷ್ಟೇ, ಮೊದಲ ದಿನ ಬಟ್ಟೆ ನಾಲ್ಕು ಮಡಿಕೆ ಹಾಕಿ, ಹರಿವು ಕಮ್ಮಿ ಇಟ್ಟು, ಐದೇ ನಿಮಿಷ. ಮೈಮೇಲೆ ಶಾಲು, ಕಾಲಿಗೆ ಸಾಕ್ಸು, ಕೈಯಲ್ಲಿ ಒಂದು ಲೋಟ ಬಿಸಿ ಕಾಫಿ, ಶುಗರ್ ಇಲ್ಲದ್ದು. ಎರಡನೇ ದಿನ ಎಕ್ಸರ್ಸೈಜ್ ಮುಗಿದ ಮೇಲೆ ಅವರೇ 'ಎಲ್ಲಪ್ಪ ನಿನ್ನ ಬಕೆಟ್ಟು' ಅಂತ ಕೇಳ್ತಾರೆ. ಕೇಳ್ಲಿಲ್ಲ ಅಂದ್ರೂ ಬಲವಂತ ಮಾಡ್ಬೇಡಿ, ಮಷಿನ್ ವಾಪಸ್ ಕೊಟ್ಟು ಆ ದುಡ್ಡಿಗೆ ಮನೆಗೆ ಬರೋ ಫಿಸಿಯೋದವರ ಹತ್ರ ಎರಡು ವಾರ ಜಾಸ್ತಿ ಎಕ್ಸರ್ಸೈಜ್ ಮಾಡಿಸ್ಕೊಳ್ಳಿ.